ಎದೆಪಟ್ಟಿ ಬಿಗಿಯಾಗಿರಲಿಲ್ಲ

ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂಬ ಅನುಮಾನ ಬಂದರೆ ಎದ್ದು ಹೋಗಿ ನೋಡಬಹುದು. ಬೇರೆಯವರು ಒಂದು ಸಲ ನೋಡಿದರೆ ನಾನು ನಾಲ್ಕು ಸಲ ನೋಡುತ್ತೇನೆ, ಅಷ್ಟೇ. ಮಗಳಿಗೆ ಮೂರು ವರ್ಷ ತುಂಬಿದರೂ ಅವಳು ಮಲಗಿದಾಗ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವುದನ್ನು ಬಿಟ್ಟಿಲ್ಲ. ಅವಳು ಒಂದು ಸೀನು ಸೀನಿದರೆ ಫೋನು ತೆಗೆದು ಹತ್ತು ಕಡೆ ಹುಡುಕುತ್ತೇನೆ. “ಚಿಂತೆ ಮಾಡಕ್ಕೆ ಏನೂ ಸಿಗದಿದ್ರೆ, ಏನೂ ಸಿಗ್ಲಿಲ್ವಲ್ಲಾ ಅಂತ ಚಿಂತೆ ಮಾಡ್ತೀಯ ನೀನು” ಎಂದು ನನ್ನ ಗಂಡ ಹೇಳುವುದುಂಟು. ಇರಲಿ. ಅಂಥ ಚಿಂತೆಗಳು ಬರುತ್ತವೆ, ಹೋಗುತ್ತವೆ. ಎಂಟು ತಿಂಗಳಿಂದ ಹೋಗದೆ ಕೂತಿರುವುದು ಒಂದೇ. ಇದೇ ಊರಿನಲ್ಲಿ, ಎರಡು ಬಸ್ಸು ಬದಲಾಯಿಸಿದರೆ ಸಿಗುವಷ್ಟು ದೂರದಲ್ಲಿ, ನನ್ನ ತಮ್ಮನನ್ನು ತಾನೇ ಸಾಯಿಸಿದೆ ಎಂದುಕೊಂಡು ಒಬ್ಬರು ಬದುಕುತ್ತಿದ್ದಾರೆ. ಹಾಗೆಂದು ಅವರಿಗೆ ಹೇಳಿದವಳು ನಾನು. ಅದು ಸರಿಯಲ್ಲ ಎಂದು ಗೊತ್ತಿರುವವಳೂ ನಾನೊಬ್ಬಳೇ.

ತಮ್ಮ ನನಗಿಂತ ನಾಲ್ಕು ವರ್ಷ ಚಿಕ್ಕವನು. ನಡೆಯುವುದಕ್ಕಿಂತ ಮೊದಲು ಹತ್ತಲು ಕಲಿತ ಮಗು ಎಂದು ಅಮ್ಮ ಹೇಳುತ್ತಾಳೆ. ಬೀರುವಿನ ಮೇಲೆ, ನೀರಿನ ಟ್ಯಾಂಕಿನ ಮೇಲೆ, ಬಾಗಿಲಿನ ಚೌಕಟ್ಟಿಗೆ ಎರಡೂ ಕಾಲು ಒತ್ತಿ ಮಧ್ಯದಲ್ಲಿ. ಅವನನ್ನು ಹುಡುಕಬೇಕಾದರೆ ನಮ್ಮ ಮನೆಯಲ್ಲಿ ಯಾರೂ ಮಂಚದ ಕೆಳಗೆ ಬಗ್ಗುತ್ತಿರಲಿಲ್ಲ, ತಲೆ ಎತ್ತುತ್ತಿದ್ದೆವು. ಬೀದಿಯ ಮಕ್ಕಳು ಹಲ್ಲಿ ಎಂದು ಹೆಸರಿಟ್ಟರು. ಬೇರೆ ಹುಡುಗರಾದರೆ ಜಗಳಕ್ಕೆ ನಿಲ್ಲುತ್ತಿದ್ದರು. ಇವನು ಗೋಡೆಗೆ ಎರಡೂ ಅಂಗೈ ಒತ್ತಿ, ಕತ್ತು ತಿರುಗಿಸಿ, ಕಣ್ಣು ಪಿಳಿಪಿಳಿ ಮಾಡಿ ತೋರಿಸುತ್ತಿದ್ದ. ಆಮೇಲೆ ಆ ಹೆಸರು ಅವನಿಗೆ ಚರ್ಮದ ಹಾಗೆ ಅಂಟಿಕೊಂಡಿತು. ನನ್ನ ಮಗಳು ಕೂಡ ‘ಹಲ್ಲಿ ಮಾಮ’ ಎಂದೇ ಕರೆಯುತ್ತಿದ್ದಳು.

ಓದಿನಲ್ಲಿ ಹಿಂದೇನೂ ಇರಲಿಲ್ಲ. ಓದು ಅವನನ್ನು ಹಿಡಿದುಕೊಳ್ಳಲಿಲ್ಲ, ಅಷ್ಟೇ. ಕಾಲೇಜಿನ ಎರಡನೇ ವರ್ಷದ ಪರೀಕ್ಷೆ ನಡೆಯುತ್ತಿತ್ತು. ಐದನೇ ಮಹಡಿಯ ಹಾಲ್, ಕಿಟಕಿಯ ಪಕ್ಕದ ಬೆಂಚು. ಗಾಜಿನ ಆಚೆ ಮೊದಲು ಎರಡು ಬೂಟು ಇಳಿದವಂತೆ, ಆಮೇಲೆ ಒಂದು ಬಕೆಟ್ಟು, ಆಮೇಲೆ ಹಲಗೆಯ ಮೇಲೆ ಕೂತ ಒಬ್ಬ ಗಡ್ಡದ ಮನುಷ್ಯ. ಆತ ಗಾಜಿಗೆ ಸೋಪುನೀರು ಬಳಿದು, ರಬ್ಬರ್ ಪಟ್ಟಿಯಿಂದ ಮೇಲಿಂದ ಕೆಳಗೆ ಒಂದೇ ಎಳೆತಕ್ಕೆ ಒರೆಸಿದ. ನೋಡಿದರೆ ಒಳಗಡೆ ಒಬ್ಬ ಹುಡುಗ ಪೆನ್ನು ಬಿಟ್ಟು ಬಾಯಿ ತೆರೆದು ಕೂತಿದ್ದಾನೆ. ಆ ಮನುಷ್ಯ ಬೆರಳಿನಿಂದ ಗಾಜು ಕುಟ್ಟಿ, ಉತ್ತರ ಪತ್ರಿಕೆಯ ಕಡೆ ತೋರಿಸಿ, ಬರಿ ಬರಿ ಎಂದು ಸನ್ನೆ ಮಾಡಿದ. ತಮ್ಮ ಬರೆಯಲಿಲ್ಲ. ಗಂಟೆ ಹೊಡೆದ ಮೇಲೆ ಕೆಳಗಿಳಿದು, ಆತ ನೆಲ ಮುಟ್ಟುವವರೆಗೂ ಬಿಸಿಲಲ್ಲಿ ಕಾದು ನಿಂತ.

“ಅಣ್ಣಾ, ಈ ಕೆಲಸಕ್ಕೆ ಏನು ಓದಿರ್ಬೇಕು?”

“ಗಾಳಿ. ಓದಕ್ಕೆ ಬರುತ್ತಾ?”

“ಇಲ್ಲ.”

“ಪರೀಕ್ಷೆ ಓದಕ್ಕೆ ಬರುತ್ತಾ?”

“ಅದೂ ಇಲ್ಲ.”

“ಹಾಗಾದ್ರೆ ನಾಳೆ ಬಾ. ಎರಡೂ ಬರದವನು ಕಲೀತಾನೆ.”

ಈ ಕತೆಯನ್ನು ತಮ್ಮ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಅಮ್ಮ ಒಂದು ವಾರ ಮಾತು ಬಿಟ್ಟಿದ್ದಳು. ಅವಳು ಮುನಿಸು ಬಿಟ್ಟದ್ದು ಆ ಗಡ್ಡದವರು ಮನೆಗೇ ಬಂದು, ಬೆಲ್ಟು, ಹಗ್ಗ, ಕೊಂಡಿ ಎಲ್ಲವನ್ನೂ ನಮ್ಮ ಹಾಲಿನ ನೆಲದ ಮೇಲೆ ಹರಡಿ, ಒಂದೊಂದನ್ನೂ ಅವಳ ಕೈಯಲ್ಲೇ ಎಳೆಸಿ ತೋರಿಸಿದ ಮೇಲೆ. ಅವರನ್ನು ಎಲ್ಲರೂ ಗಂಟಣ್ಣ ಎನ್ನುತ್ತಿದ್ದರು. ಅವರು ಹಾಕಿದ ಗಂಟನ್ನು ಬೇರೆಯವರು ಬಿಚ್ಚಲು ಕೂತರೆ ಟೀ ಆರಿಹೋಗುತ್ತದೆ ಎಂಬುದು ಅವರ ತಂಡದ ಮಾತು. ಮುಖವೂ ಸದಾ ಗಂಟೇ. ನಕ್ಕರೂ ಗಡ್ಡದ ಒಳಗೇ ನಕ್ಕುಬಿಡುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ತಮ್ಮ ಕರೆದ ಹಾಗೆಯೇ ನನ್ನನ್ನು ‘ಅಕ್ಕ’ ಎನ್ನುತ್ತಿದ್ದರು.

ಆ ಕೆಲಸದ ಕಟ್ಟುಪಾಡನ್ನು ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎತ್ತರದ ಕಟ್ಟಡಗಳ ಗಾಜು ಒರೆಸುವವರು ಇಬ್ಬಿಬ್ಬರು ಜೋಡಿಯಾಗಿಯೇ ಇಳಿಯುವುದು. ಒಬ್ಬೊಬ್ಬರಿಗೂ ಎರಡು ಹಗ್ಗ, ಒಂದು ಕೂರಲು, ಒಂದು ಕಾಯಲು. ಮೈಗೆ ಬೆಲ್ಟು, ತೊಡೆಗೆರಡು ಪಟ್ಟಿ, ಭುಜಕ್ಕೆರಡು, ಎದೆಗೆ ಅಡ್ಡ ಒಂದು. ತನ್ನ ಬೆಲ್ಟನ್ನು ತಾನೇ ಸರಿಯಿದೆ ಎಂದುಕೊಂಡು ಯಾರೂ ಇಳಿಯುವಂತಿಲ್ಲ. ಜೋಡಿ ಬಂದು ಎದೆಪಟ್ಟಿಯ ಒಳಗೆ ಬೆರಳು ತೂರಿಸಿ ನೋಡಬೇಕು. ಎರಡು ಬೆರಳು ಹಿಡಿಸಬೇಕು. ಒಂದೇ ಹಿಡಿಸಿದರೆ ಉಸಿರಿಗೆ ಬಿಗಿ, ಮೂರು ಹಿಡಿಸಿದರೆ ಜಾರುವಷ್ಟು ಸಡಿಲ. ನೋಡಿ, ಹೆಲ್ಮೆಟ್ಟಿನ ಮೇಲೆ ತಟ್ಟಿದರೆ ಇಳಿಯಬಹುದು. ಜೋಡಿಯಲ್ಲಿ ಒಬ್ಬ ಬರದಿದ್ದರೆ ಇನ್ನೊಬ್ಬನೂ ಆ ದಿನ ಹಗ್ಗ ಮುಟ್ಟುವಂತಿಲ್ಲ. ಬೇರೆಯವನ ಜೊತೆ ಸೇರಿಸುವುದಿಲ್ಲ, ಪರಿಚಯವಿಲ್ಲದ ಕೈಯನ್ನು ನಂಬಬಾರದು ಎಂದು. ಅವನು ಕೆಳಗೆ ನಿಂತು ಬಕೆಟ್ಟು ತೊಳೆಯಬೇಕು, ದಾರಿಹೋಕರಿಗೆ ‘ಆ ಕಡೆ ಹೋಗಿ’ ಎನ್ನಬೇಕು. ಹಾಗಾಗಿ ಒಬ್ಬನಿಗೆ ನೆಗಡಿಯಾದರೆ ಇಬ್ಬರ ದಿನ ಹಾಳು.

ತಮ್ಮ ಮತ್ತು ಗಂಟಣ್ಣ ಆರು ವರ್ಷ ಹಾಗೆ ಒಟ್ಟಿಗೆ ನೇತಾಡಿದರು. ಮದುವೆಯಾದವರು ಕೂಡ ಅಷ್ಟು ನೇತಾಡಿರಲಾರರು ಎಂದು ಅವನೇ ಜೋಕು ಮಾಡುತ್ತಿದ್ದ.

ಅವನು ಹೇಳುವ ಕತೆಗಳೆಲ್ಲ ಗಾಜಿನ ಒಳಗಿನವು. “ಒಳಗಿರೋರು ನಮ್ಮನ್ನ ನೋಡಲ್ಲ ಅಕ್ಕ. ಮೋಡ ಬಂತು, ಹೋಯ್ತು ಅನ್ಕೋತಾರೆ.” ಏಳನೇ ಮಹಡಿಯಲ್ಲಿ ಒಬ್ಬ ದೊಡ್ಡ ಅಧಿಕಾರಿ ಬಾಗಿಲು ಹಾಕಿಕೊಂಡು ಬೂಟು ಬಿಚ್ಚಿ ಮೇಜಿನ ಸುತ್ತ ಬರಿಗಾಲಲ್ಲಿ ನಡೆಯುತ್ತಾನಂತೆ. ಹನ್ನೊಂದನೇ ಮಹಡಿಯ ಹೆಂಗಸು ಡ್ರಾಯರಿನಲ್ಲಿ ಬಿಸ್ಕತ್ತು ಇಟ್ಟುಕೊಂಡು, ಯಾರಾದರೂ ಬಂದರೆ ಅಗಿಯುವುದನ್ನು ನಿಲ್ಲಿಸಿ ಕೆನ್ನೆಯೊಳಗೆ ಇಟ್ಟುಕೊಳ್ಳುತ್ತಾಳಂತೆ. ಅವಳನ್ನು ಕಂಡಾಗಲೆಲ್ಲ ಇವನು ಹೊರಗಿನಿಂದ ತಾನೂ ಕೆನ್ನೆ ಉಬ್ಬಿಸುವುದು, ಅವಳು ನಗು ತಡೆಯಲಾರದೆ ಬಿಸ್ಕತ್ತು ಉಗುಳಿದ್ದು. ನನ್ನ ಮಗಳಿಗೆ ಇವೆಲ್ಲ ಊಟಕ್ಕೆ ಉಪ್ಪಿದ್ದ ಹಾಗೆ. ಇವಿಲ್ಲದೆ ತುತ್ತು ಇಳಿಯುತ್ತಿರಲಿಲ್ಲ. ರಜೆಯ ದಿನ ಬಂದರೆ ನಮ್ಮ ಮನೆಯ ಕಿಟಕಿಗಳನ್ನೂ ಒರೆಸುತ್ತಿದ್ದ, ಒಳಗಿನಿಂದ ಮಾತ್ರ. ಹೊರಗಡೆ ಯಾರು ಒರೆಸುತ್ತಾರೆ ಎಂದು ನಾನು ಕೇಳಿದರೆ, “ರಜಾ ದಿನ ನಾನು ನೆಲದ ಪ್ರಾಣಿ” ಎನ್ನುತ್ತಿದ್ದ.

ಕಲ್ಲುಗುಂಡಿನಂಥ ಹುಡುಗ. ಇಪ್ಪತ್ತಾರು ವರ್ಷ. ಸಿಗರೇಟಿಲ್ಲ, ಕುಡಿತವಿಲ್ಲ. ಅವನ ಆರೋಗ್ಯದ ಬಗ್ಗೆ ನಾನು ಚಿಂತೆ ಮಾಡಿದ್ದೇ ಇಲ್ಲ. ಹಗ್ಗ ತುಂಡಾಗುವುದನ್ನು ಎಷ್ಟೋ ಸಲ ಕನಸಿನಲ್ಲಿ ಕಂಡಿದ್ದೇನೆ. ಗಾಳಿ ಜೋರಾದ ದಿನ ಎದೆ ಹೊಡೆದುಕೊಂಡು ಫೋನು ಮಾಡಿದ್ದೇನೆ. ಬರುವುದಾದರೆ ಕೇಡು ಮೇಲಿನಿಂದ ಬರುತ್ತದೆ ಎಂದೇ ನಾನು ಕಾಯುತ್ತಿದ್ದೆ.

ಅದು ಬಂದದ್ದು ನಮ್ಮ ಮನೆಯಿಂದಲೇ ಇರಬಹುದು. ಇರಬಹುದು ಎಂದಷ್ಟೇ ಹೇಳಬಲ್ಲೆ.

ಮಗಳಿಗೆ ಅವಳ ಶಿಶುವಿಹಾರದಿಂದ ಜ್ವರ ಹತ್ತಿಕೊಂಡಿತ್ತು. ಮೂಗು ಸೋರುವುದು, ಕೆಮ್ಮು, ಎರಡು ದಿನ ಮೈಯೆಲ್ಲ ಕೆಂಡ. ನಾನು ಒಂದು ಶಾಲೆಯ ಲೈಬ್ರರಿಯಲ್ಲಿ ಅರ್ಧ ದಿನ ಕೆಲಸ ಮಾಡುತ್ತೇನೆ. ಇದ್ದ ರಜೆಯೆಲ್ಲ ಮುಗಿದಿತ್ತು. ತಮ್ಮ ತನ್ನ ವಾರದ ರಜೆಯ ದಿನ ಬಂದು ಅವಳನ್ನು ನೋಡಿಕೊಂಡ. ನಾನು ಮಧ್ಯಾಹ್ನ ಬಂದು ನೋಡಿದರೆ ಅವಳು ಅವನ ಎದೆಯ ಮೇಲೆ ಕವುಚಿ ಮಲಗಿದ್ದಳು. ಅವನ ಅಂಗಿಯ ಕಾಲರೆಲ್ಲ ಅವಳ ಸಿಂಬಳ.

“ಒಗೆಯಕ್ಕೆ ಹಾಕು, ನಿಂಗೂ ಅಂಟುತ್ತೆ” ಎಂದೆ.

“ನನ್ನ ಮೈಗೆ ಏನು ಅಂಟಿದ್ರೂ ಸೋಪು ಹಾಕಿ ಒಂದೇ ಎಳೆತಕ್ಕೆ ಒರೆಸಿಬಿಡ್ತೀನಿ. ನೀನು ಫೋನಲ್ಲಿರೋ ನಿನ್ನ ಡಾಕ್ಟ್ರನ್ನ ಕೇಳು, ಮಾವಂದಿರಿಗೆ ಏನಾದ್ರೂ ಆಗುತ್ತಾ ಅಂತ.”

ನಾನು ಕೇಳಲಿಲ್ಲ. ಮಗಳ ಜ್ವರ ಎಷ್ಟಿದೆ ಎಂದು ನೋಡುವುದರಲ್ಲಿದ್ದೆ.

ಮೂರು ದಿನದ ಮೇಲೆ ಅವನಿಗೂ ಜ್ವರ ಬಂತು. ಗಂಟಣ್ಣ ಮನೆಗೆ ಹೋಗು ಎಂದರಂತೆ. “ನಾನು ಹೋದ್ರೆ ನೀವು ಬಕೆಟ್ ತೊಳೀಬೇಕಲ್ಲ ಅಣ್ಣ” ಎಂದು ಇವನು ಮಾತ್ರೆ ನುಂಗಿ ಇಳಿದನಂತೆ. ಜ್ವರ ತಾನಾಗಿಯೇ ಬಿಟ್ಟಿತು. ಎಲ್ಲರೂ ಮರೆತೆವು.

ಅದೇ ವಾರ ತಂಡಕ್ಕೆಲ್ಲ ಹೊಸ ಬೆಲ್ಟು ಬಂದವು. ಹಳೆಯವಕ್ಕೆ ವರ್ಷವಾಗಿತ್ತು, ಬದಲಾಯಿಸಿದರು. ಹೊಸ ಪಟ್ಟಿ ಬಿರುಸು. ಎಲ್ಲರಿಗೂ ಅಲ್ಲಿ ಇಲ್ಲಿ ಉಜ್ಜಿ ಕೆಂಪಾಗುತ್ತಿತ್ತು, ಎಲ್ಲರೂ ಬೈದುಕೊಂಡೇ ಕಟ್ಟಿಕೊಳ್ಳುತ್ತಿದ್ದರು. ಆದ್ದರಿಂದ ತಮ್ಮ “ಅಣ್ಣ, ಎದೆಪಟ್ಟಿ ಹಿಂಡ್ತಾ ಇದೆ” ಎಂದಾಗ ಗಂಟಣ್ಣನಿಗೆ ಅದು ಹೊಸ ಮಾತೇನೂ ಆಗಿರಲಿಲ್ಲ. ಬೆರಳು ತೂರಿಸಿ ನೋಡಿದರು. ಎರಡು ಬೆರಳು ಸರಿಯಾಗಿಯೇ ಹಿಡಿಸಿತು. ಆದರೂ ಒಂದಿಷ್ಟು ಸಡಿಲಿಸಿದರು. ಮರುದಿನ ಇನ್ನೊಂದಿಷ್ಟು. ಅಂಗಿ ಎತ್ತಿ ನೋಡಿದಾಗ ಎದೆಗೆ ಅಡ್ಡವಾಗಿ ಒಂದು ಕೆಂಪು ಗೆರೆಯೂ ಇತ್ತು. ಮತ್ತೇನು ಸಾಕ್ಷಿ ಬೇಕು? ತಾರಸಿಗೆ ಲಿಫ್ಟು ಹೋಗುವುದಿಲ್ಲ, ಕೊನೆಯ ಎರಡು ಮಹಡಿ ಹಗ್ಗದ ಸುರುಳಿ ಹೊತ್ತು ಹತ್ತಬೇಕು. ಅಲ್ಲಿ ಅವನು ಎರಡು ಸಲ ಕೂತು ಸುಧಾರಿಸಿಕೊಂಡ. “ಏನೋ, ಹಲ್ಲಿಗೆ ವಯಸ್ಸಾಯ್ತಾ?” ಎಂದು ಹಿಂದಿನವರು ಛೇಡಿಸಿದರು. “ಬಾಲ ಭಾರ ಕಣ್ರೋ” ಎಂದು ಇವನೂ ನಕ್ಕ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗೆ ರೋಗ ಒಳಗಿತ್ತು, ಔಷಧಿ ಬೆಲ್ಟಿಗೆ ನಡೆಯುತ್ತಿತ್ತು.

ಇಲ್ಲಿಯವರೆಗಿನದು ಗಂಟಣ್ಣನಿಗೆ ಗೊತ್ತು. ಇನ್ನು ಹೇಳುವುದು ಅವರಿಗೆ ಗೊತ್ತಿಲ್ಲ.

ಒಂದು ಸಂಜೆ ತಮ್ಮ ನನಗೆ ಫೋನು ಮಾಡಿದ. ಮಗಳಿಗೆ ಕೆಮ್ಮು ಇನ್ನೂ ಪೂರ್ತಿ ಹೋಗಿರಲಿಲ್ಲ. ಅವಳನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಸಿರಪ್ಪು ಕುಡಿಸುತ್ತಿದ್ದೆ, ಫೋನು ಭುಜಕ್ಕೆ ಒತ್ತಿಕೊಂಡಿದ್ದೆ.

“ಅಕ್ಕ, ಹೊಸ ಬೆಲ್ಟು ಬಂದಾಗಿನಿಂದ ಎದೆ ಒಂಥರಾ ಹಿಂಡ್ತಾ ಇದೆ.”

“ಹೊಸ ಚಪ್ಪಲಿ ಕಚ್ಚಲ್ವಾ? ಹಾಗೇ. ನಾಲ್ಕು ದಿನ ಹಾಕ್ಕೋ, ಒಗ್ಗುತ್ತೆ.”

“ಅಲ್ಲ, ಮಲಗಿದ್ರೂ ಹಿಂಡುತ್ತೆ. ಎದ್ದು ಮುಂದಕ್ಕೆ ಬಗ್ಗಿ ಕೂತ್ರೆ ಸ್ವಲ್ಪ ವಾಸಿ. ಅಮ್ಮಂಗೆ ಹೇಳ್ಬೇಡ, ಹೆದರ್ಕೋತಾಳೆ.”

“ಏಯ್, ಉಗುಳ್ಬೇಡ! ನುಂಗು! — ನಿನಗಲ್ವೋ. ಇವಳಿಗೆ. ಏನಂದೆ?”

“ಏನಿಲ್ಲ. ಗ್ಯಾಸ್ ಇರ್ಬೇಕು ಬಿಡು.”

“ಗ್ಯಾಸೇ. ಟೀ ಕಮ್ಮಿ ಮಾಡು.”

ಅಷ್ಟೇ. ಅವನು ಹೇಳಿದ್ದು ನನಗೆ ಕೇಳಿಸಿತ್ತು. ಕೇಳಿಸಲಿಲ್ಲ ಎಂದು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಕೇಳಿಸಿತ್ತು. ಮಲಗುವಾಗ ಯಾರೂ ಬೆಲ್ಟು ಕಟ್ಟಿಕೊಂಡು ಮಲಗುವುದಿಲ್ಲ. ಸಣ್ಣ ಮಗುವಿಗೂ ಹೊಳೆಯುವ ವಿಷಯ. ಮಗಳ ಒಂದು ಸೀನಿಗೆ ಹತ್ತು ಕಡೆ ಹುಡುಕುವವಳು ಅವತ್ತು ಫೋನನ್ನು ಸೋಫಾದ ಮೇಲೆ ಎಸೆದು, ನೆಲದ ಮೇಲೆ ಚೆಲ್ಲಿದ ಸಿರಪ್ಪು ಒರೆಸಲು ಬಟ್ಟೆ ತರಲು ಹೋದೆ.

ಮೂರನೇ ದಿನ ಬೆಳಿಗ್ಗೆ ಅವನು ತಾರಸಿಯ ಮೇಲೆ ಕುಸಿದ. ಇನ್ನೂ ಕಟ್ಟೆ ದಾಟಿರಲಿಲ್ಲ. ಗಂಟಣ್ಣ ಎದೆಪಟ್ಟಿ ನೋಡಿ, ಹೆಲ್ಮೆಟ್ಟು ತಟ್ಟಿ ಆ ಕಡೆ ತಿರುಗಿದ್ದರಂತೆ. ಅವರೇ ಹೆಗಲ ಮೇಲೆ ಹೊತ್ತು ಎರಡು ಮಹಡಿ ಇಳಿಸಿ ಲಿಫ್ಟಿಗೆ ಹಾಕಿ, ಆಸ್ಪತ್ರೆಗೆ ತಂದದ್ದು.

ನಾನು ಹೋಗುವಷ್ಟರಲ್ಲಿ ತಮ್ಮನ ಮೈತುಂಬ ವೈರುಗಳಿದ್ದವು. ಆದರೂ ನನ್ನನ್ನು ಕಂಡು ಕತ್ತು ತಿರುಗಿಸಿ ಕಣ್ಣು ಪಿಳಿಪಿಳಿ ಮಾಡಿದ. ನನಗೆ ಧೈರ್ಯ ಬಂದುಬಿಟ್ಟಿತು.

ಡಾಕ್ಟರು ನನ್ನ ವಯಸ್ಸಿನವರೇ ಇರಬೇಕು. ಕಾರಿಡಾರಿಗೆ ಕರೆದು ಕೂರಿಸಿ ನಿಧಾನವಾಗಿ ಮಾತು ತೆಗೆದರು. “ಇತ್ತೀಚೆಗೆ ಜ್ವರ, ನೆಗಡಿ ಏನಾದ್ರೂ ಬಂದಿತ್ತಾ?”

“ಬಂದಿತ್ತು. ಎರಡು ವಾರ ಆಯ್ತು. ಬಿಟ್ಟೂ ಹೋಯ್ತು.”

“ಮೈಯಿಂದ ಬಿಟ್ಟಿದೆ, ಹೃದಯದಿಂದ ಬಿಟ್ಟಿಲ್ಲ. ವೈರಸ್ಸಿಂದ ಹೃದಯದ ಸ್ನಾಯುವಿಗೆ ಉರಿಯೂತ ಆಗಿ ಊದ್ಕೊಂಡಿದೆ. ಹಿಂಡಿ ರಕ್ತ ಕಳಿಸೋ ಶಕ್ತಿ ಅದಕ್ಕೆ ಕಮ್ಮಿಯಾಗಿದೆ.”

“ಇವನಿಗೆ ಹೃದಯದ ಕಾಯಿಲೆನಾ? ಹದಿನೈದು ಮಹಡಿ ಹಗ್ಗದಲ್ಲಿ ಇಳಿಯೋನು ಮೇಡಂ ಇವನು.”

“ಗಟ್ಟಿಮುಟ್ಟಾದ ಹುಡುಗ್ರಲ್ಲೇ ಗೊತ್ತಾಗೋದು ತಡ. ದೇಹ ಕೊನೇ ತನಕ ತಡ್ಕೊಳ್ಳುತ್ತೆ. ಅವರೂ ಏನಿಲ್ಲ ಬಿಡಿ ಅಂತಾರೆ. ತುಂಬಾ ಜನಕ್ಕೆ ವಿಶ್ರಾಂತಿಯಲ್ಲೇ ವಾಸಿಯಾಗುತ್ತೆ. ಕೆಲವರಿಗೆ ಹೀಗೆ ಜೋರಾಗುತ್ತೆ. ಎದೆ ನೋವು, ಆಯಾಸ ಅಂತ ಯಾರಿಗಾದ್ರೂ ಹೇಳಿದ್ರಾ?”

ಆ ಕಾರಿಡಾರಿನ ಇನ್ನೊಂದು ತುದಿಯಲ್ಲಿ ಗಂಟಣ್ಣ ಗೋಡೆಗೆ ಆನಿಕೊಂಡು ನಿಂತಿದ್ದರು. ಸೋಪಿನ ನೀರು ಒಣಗಿದ ಪ್ಯಾಂಟು. ಕೈಯಲ್ಲಿ ತಮ್ಮನ ಹೆಲ್ಮೆಟ್ಟು. ನನ್ನ ಬಾಯಿಂದ ಬಂದ ಮಾತು ಇದು: “ಅವರಿಗೆ ಹೇಳಿದ್ದಾನೆ.”

ನನಗೂ ಹೇಳಿದ್ದಾನೆ ಎಂದು ಬರಲಿಲ್ಲ.

ಮಗಳ ಜ್ವರದ ಬಗ್ಗೆ ಮಾತ್ರ ಕೇಳಿದೆ. ಅವಳಿಂದಲೇ ಬಂತಾ ಎಂದು. “ವೈರಸ್ಸಿನ ಮೇಲೆ ವಿಳಾಸ ಬರೆದಿರಲ್ಲಮ್ಮ” ಎಂದರು ಡಾಕ್ಟರು. “ಬಸ್ಸಿಂದ ಬಂದಿರ್ಬಹುದು, ಬಾಗಿಲ ಹಿಡಿಯಿಂದ ಬಂದಿರ್ಬಹುದು. ಮೂರು ವರ್ಷದ ಮಗು ಮೇಲೆ ಹಾಕ್ಬೇಡಿ ಅದನ್ನ.”

ನಾಲ್ಕು ದಿನ ಇದ್ದ. ಎರಡನೇ ದಿನ ಸ್ವಲ್ಪ ಮಾತಾಡಿದ. ಎದುರಿನ ಕಿಟಕಿಯ ಗಾಜು ನೋಡಿ “ಯಾರೋ ಅಡ್ಡಡ್ಡ ಒರೆಸಿದ್ದಾನೆ ಅಕ್ಕ, ಕೆಲಸ ಗೊತ್ತಿಲ್ಲ” ಎಂದ. ಅಮ್ಮ ಅವನ ಪಾದ ಹಿಡಿದುಕೊಂಡು ಕೂತಿದ್ದಳು, ಎಲ್ಲಿಗೂ ಹತ್ತದ ಹಾಗೆ. ನಾಲ್ಕನೇ ದಿನ ಮಧ್ಯಾಹ್ನ ಹೃದಯದ ಬಡಿತ ಹದ ತಪ್ಪಿತು, ಆಮೇಲೆ ಹಿಂದಕ್ಕೆ ಬರಲಿಲ್ಲ. ಎಷ್ಟೋ ಜನ ಓಡಿ ಬಂದರು. ಅಮ್ಮನನ್ನೂ ನನ್ನನ್ನೂ ಹೊರಗೆ ಕಳಿಸಿದರು. ಬಾಗಿಲಿನ ಸಣ್ಣ ಗಾಜಿನಲ್ಲಿ ಒಳಗಿನವರ ಬೆನ್ನುಗಳು ಮಾತ್ರ ಕಾಣುತ್ತಿದ್ದವು.

ಅದಾದ ಮೇಲೆ, ಅದೇ ಕಾರಿಡಾರಿನಲ್ಲಿ, ಗಂಟಣ್ಣ ನನ್ನ ಹತ್ತಿರ ಬಂದರು. “ಅಕ್ಕ” ಎಂದರು, ಅಷ್ಟೇ.

ನಾನು ಅವರಿಗೆ ಎಂದೂ ಏಕವಚನ ಆಡಿದವಳಲ್ಲ. “ಎದೆ ನೋವು ಅಂದವನಿಗೆ ಬೆಲ್ಟು ಸಡಿಲ ಮಾಡಿ ಹಗ್ಗಕ್ಕೆ ಇಳಿಸಿದ್ಯಲ್ಲ, ನೀನು ಮನುಷ್ಯನಾ? ದಿನಾ ಅವನೆದೆ ಮುಟ್ಟಿ ನೋಡ್ತಿದ್ದೋನು ನೀನು! ನಿನಗೆ ಗೊತ್ತಾಗ್ಲಿಲ್ವಾ? ನೀನು ಪಟ್ಟಿ ಬಿಗಿಯಾಗೇ ಇರಕ್ಕೆ ಬಿಟ್ಟಿದ್ರೆ ಅವನೇ ತಡೀಲಾರ್ದೆ ಮನೆಗೆ ಬರ್ತಿದ್ದ. ನೀನೇ ಕೊಂದೆ.”

ನನ್ನ ಗಂಡ ನನ್ನ ತೋಳು ಹಿಡಿದು ಎಳೆದರು. ಗಂಟಣ್ಣ ತಲೆ ಆಡಿಸಿದರು, ಹೌದು ಎನ್ನುವ ಹಾಗೆ. ಹೆಲ್ಮೆಟ್ಟನ್ನು ಬೆಂಚಿನ ಮೇಲೆ ಮೆಲ್ಲಗೆ ಇಟ್ಟು ಹೊರಟುಹೋದರು.

ದುಃಖದಲ್ಲಿ ಆಡಿದ ಮಾತಿಗೆ ಯಾರೂ ಕಿವಿಗೊಡುವುದಿಲ್ಲ, ಅದು ಗಾಳಿಯಲ್ಲಿ ಹೋಗುತ್ತದೆ ಎಂದು ನೆಂಟರು ಸಮಾಧಾನ ಹೇಳಿದರು. ನಾನೂ ಹಾಗೇ ಅಂದುಕೊಂಡೆ. ನಾಳೆ ಹೇಳೋಣ, ಮುಂದಿನ ವಾರ ಹೇಳೋಣ. ಗಂಟಣ್ಣ ಎರಡು ಸಲ ಫೋನು ಮಾಡಿದ್ದರು. ಪರದೆಯ ಮೇಲೆ ಹೆಸರು ಕಂಡು, ಅದು ತಾನಾಗಿಯೇ ನಿಲ್ಲುವವರೆಗೂ ನೋಡುತ್ತಾ ನಿಂತೆ. ಮೂರನೇ ಸಲ ಅವರು ಮಾಡಲಿಲ್ಲ.

ಹೋದ ವಾರ ಅವರ ಹೆಂಡತಿ ಲೈಬ್ರರಿಗೆ ಬಂದರು. ಅವರು ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಸೀರೆಯ ಮೇಲೆ ಅಲ್ಲಲ್ಲಿ ನೀಲಿ ದಾರದ ತುಣುಕು ಅಂಟಿತ್ತು. ಕೂರಿ ಎಂದರೂ ಕೂರಲಿಲ್ಲ. ಪುಸ್ತಕದ ಕಪಾಟಿನ ಅಂಚು ಹಿಡಿದುಕೊಂಡು ನಿಂತೇ ಮಾತಾಡಿದರು.

“ಅವರು ಹಗ್ಗ ಮುಟ್ಟಿ ಎಂಟು ತಿಂಗಳಾಯ್ತು. ಕೆಳಗೆ ನಿಂತು ಬಕೆಟ್ ತೊಳೀತಾರೆ. ಹೊಸ ಜೋಡಿ ಕೊಡ್ತೀವಿ ಅಂದ್ರು, ಬೇಡ ಅಂದ್ರು. ಮೊನ್ನೆ ಯಾರೋ ಹುಡುಗಂಗೆ ಬೆಲ್ಟು ಕಟ್ಟಿ ಅಂತ ಹೇಳಿದ್ದಕ್ಕೆ, ಅವನಿಗೆ ಉಸಿರಾಡಕ್ಕಾಗದ ಹಾಗೆ ಬಿಗಿದುಬಿಟ್ರಂತೆ. ಅವನು ಕೂಗ್ಕೊಂಡ್ರೂ ಬಿಡ್ಲಿಲ್ವಂತೆ. ನಾಲ್ಕು ಜನ ಸೇರಿ ಬಿಡಿಸಿದ್ರು.”

ನಾನು ಕೈಯಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟೆ.

“ಮನೇಲೂ ಅಷ್ಟೇ. ಮಗಳು ಸ್ಕೂಲ್ ಬ್ಯಾಗ್ ಹಾಕ್ಕೊಂಡ್ರೆ ಪಟ್ಟಿ ಒಳಗೆ ಬೆರಳು ಹಾಕಿ ನೋಡ್ತಾರೆ. ಅವಳು, ಅಪ್ಪ ಬಸ್ ಹೋಗುತ್ತೆ ಬಿಡಪ್ಪಾ ಅಂತಾಳೆ. ನಾನು ಬೈದೆ, ಅತ್ಕೊಂಡು ಬೇಡ್ಕೊಂಡೆ. ಅವನಕ್ಕ ಸುಳ್ಳು ಹೇಳಲ್ಲ, ಓದಿದವಳು, ಅವಳಿಗೆ ಗೊತ್ತು — ಇಷ್ಟೇ ಹೇಳ್ತಾರೆ. ನಾನು ನಿಮ್ಮ ಮೇಲೆ ಸಿಟ್ಟು ಮಾಡಕ್ಕೆ ಬಂದಿಲ್ಲಮ್ಮ. ನಿಮ್ಮ ಹೊಟ್ಟೆ ಉರಿ ನಿಮಗೆ. ಡಾಕ್ಟ್ರು ಬೇರೆ ಏನಾದ್ರೂ ಹೇಳಿದ್ರೆ, ಅದೊಂದು ಮಾತು ನೀವೇ ಅವರಿಗೆ ಹೇಳಿ. ನನ್ನ ಮಾತು ಅವರ ಕಿವಿಗೆ ಹೋಗಲ್ಲ.”

“ಹೇಳ್ತೀನಿ” ಎಂದೆ. ಮಕ್ಕಳ ಗುಂಪು ಪುಸ್ತಕ ಹಿಂತಿರುಗಿಸಲು ಬಂತು. ಗಂಟಣ್ಣನ ಹೆಂಡತಿ ಹೊರಟರು.

ಆರು ದಿನ ಸುಮ್ಮನಿದ್ದೆ. ನನಗೆ ಹೆದರಿಕೆ ಏನೆಂದು ಹೇಳಿಬಿಡುತ್ತೇನೆ. ಅವರಿಗೆ ಹೇಳಿದರೆ ಅದು ಅಮ್ಮನವರೆಗೂ ಬರುತ್ತದೆ. ಈಗ ನಮ್ಮ ಜೊತೆಯಲ್ಲೇ ಇರುವ ಅಮ್ಮ, ಬೆಳಿಗ್ಗೆ ಎದ್ದರೆ ನನ್ನ ಮುಖವನ್ನೇ ನೋಡಬೇಕಾದ ಅಮ್ಮ. ಅವಳು ಗಂಟಣ್ಣನನ್ನು ಒಂದು ದಿನವೂ ಬೈದಿಲ್ಲ. “ಪಾಪ, ಅವನಿಗೇನು ಗೊತ್ತು” ಎನ್ನುತ್ತಾಳೆ. ನನ್ನ ವಿಷಯದಲ್ಲೂ ಹಾಗೇ ಅನ್ನುತ್ತಾಳಾ? ಗೊತ್ತಿಲ್ಲ. ನಾನು ಓದಿದವಳು. ನನಗೆ ಗೊತ್ತಾಗಬೇಕಿತ್ತು.

ಇವತ್ತು ಮಧ್ಯಾಹ್ನ ಮಗಳನ್ನು ಕರೆತರಲು ಶಿಶುವಿಹಾರದ ಗೇಟಿನ ಹೊರಗೆ ನಿಂತಿದ್ದೆ. ಹತ್ತು ನಿಮಿಷ ಮೊದಲೇ ಹೋಗಿದ್ದೆ, ಯಾವಾಗಲೂ ಹಾಗೇ. ಎದುರಿಗೆ ಒಂದು ಹೊಸ ಕಟ್ಟಡದ ಗಾಜನ್ನು ಇಬ್ಬರು ಒರೆಸುತ್ತಿದ್ದರು. ಯಾರೋ, ನನಗೆ ಗೊತ್ತಿಲ್ಲದವರು. ಒಬ್ಬ ಕೆಳಗೆ, ಒಬ್ಬ ಸ್ವಲ್ಪ ಮೇಲೆ. ಮೇಲಿನವನು ಏನೋ ಹೇಳಿದ, ಕೆಳಗಿನವನು ತಲೆ ಎತ್ತಿ ನಕ್ಕ. ನನ್ನ ಕೈ ಚೀಲದೊಳಗೆ ಹೋಗಿ ಫೋನು ತೆಗೆಯಿತು. ಯೋಚನೆ ಮಾಡಿದ್ದರೆ ತೆಗೆಯುತ್ತಿರಲಿಲ್ಲ.

ಆ ಕಡೆ ಫೋನು ಐದಾರು ಸಲ ರಿಂಗಾಯಿತು. ಗಂಟಣ್ಣ ಎತ್ತಿದರು. ಹಿಂದೆ ಎಲ್ಲೋ ನೀರು ಬಕೆಟ್ಟಿಗೆ ಬೀಳುವ ಸದ್ದು.

“ಹೇಳಿ ಮೇಡಂ.”

ಅಕ್ಕ ಎನ್ನಲಿಲ್ಲ. ಏನೂ ತಪ್ಪಿಲ್ಲ.

“ಅಣ್ಣ, ನಿಮಗೊಂದು ವಿಷಯ ಹೇಳ್ಬೇಕು. ಮಧ್ಯದಲ್ಲಿ ನಿಲ್ಲಿಸಿದ್ರೆ ಮತ್ತೆ ನನ್ನ ಕೈಲಿ ಹೇಳಕ್ಕಾಗಲ್ಲ. ಪೂರ್ತಿ ಕೇಳಿ.”

“ಕೇಳ್ತಿದ್ದೀನಿ.”

“ಎದೆ ಹಿಂಡುತ್ತೆ ಅಂತ ಅವನು ನನಗೂ ಹೇಳಿದ್ದ. ಬೀಳೋದಕ್ಕೆ ಮೂರು ದಿನ ಮುಂಚೆ. ಮಲಗಿದಾಗಲೂ ಹಿಂಡುತ್ತೆ ಅಂದ. ಬೆಲ್ಟು ಬಿಚ್ಚಿಟ್ಟ ಮೇಲೂ ನೋವಿತ್ತು ಅಣ್ಣ. ಅದು ನಿಮಗೆ ಗೊತ್ತಿರ್ಲಿಲ್ಲ. ನನಗೆ ಗೊತ್ತಿತ್ತು. ನಾನು ಹೊಸ ಚಪ್ಪಲಿ ಕಚ್ಚಿದ ಹಾಗೆ ಅಂದೆ. ಗ್ಯಾಸ್ ಅಂದೆ. ಟೀ ಕಮ್ಮಿ ಮಾಡು ಅಂದೆ.”

ನೀರಿನ ಸದ್ದು ನಿಂತಿತು. ನಲ್ಲಿ ತಿರುಗಿಸಿರಬೇಕು.

“ಬಿಗಿ, ಸಡಿಲ ಯಾವುದರಿಂದಲೂ ಆಗಿದ್ದಲ್ಲ. ವೈರಸ್ಸು ಅಂತ ಡಾಕ್ಟ್ರು ಅವತ್ತೇ ಹೇಳಿದ್ರು. ಎದೆ ನೋವಿನ ವಿಷಯ ಯಾರಿಗಾದ್ರೂ ಹೇಳಿದ್ರಾ ಅಂತ ಕೇಳಿದ್ದಕ್ಕೆ ನಾನು ನಿಮ್ಮನ್ನ ತೋರಿಸ್ದೆ. ನನ್ನ ಹೆಸರು ಹೇಳ್ಲಿಲ್ಲ.”

ಲೈನು ತುಂಡಾಯಿತೇನೋ ಎಂದು ಪರದೆ ನೋಡಿದೆ. ಸೆಕೆಂಡುಗಳು ಓಡುತ್ತಲೇ ಇದ್ದವು.

“ಮಲಗಿದಾಗಲೂನಾ?” ಎಂದರು.

“ಹೂಂ.”

“ನನಗೆ ಹೇಳ್ಲಿಲ್ಲ ಅವನು.”

“ಇಲ್ಲ.”

“ಎಂಟು ತಿಂಗಳು ಮೇಡಂ.” ಧ್ವನಿ ಏರಲಿಲ್ಲ, ಇನ್ನೂ ಇಳಿಯಿತು. “ಎಂಟು ತಿಂಗಳಿಂದ ನಾನು ಈ ಕೈಯಲ್ಲಿ ಊಟ ಮಾಡಕ್ಕೆ ಅಸಹ್ಯ ಪಡ್ತಿದ್ದೀನಿ.”

“ಬೈಯಿರಿ ಅಣ್ಣ. ಏನು ಬೇಕಾದ್ರೂ ಬೈಯಿರಿ.”

“ಬೈದ್ರೆ ಏನು ಬಂತು.” ಮೂಗೆಳೆದುಕೊಂಡರು. ಯಾರೋ ಅವರನ್ನು ಕೂಗಿದರು. “ಬರ್ತೀನಿರೋ, ಮಾತಾಡ್ತಿದ್ದೀನಿ” ಎಂದು ಒರಟಾಗಿ ಹೇಳಿ, ಮತ್ತೆ ನನ್ನ ಕಡೆಗೆ: “ಅಮ್ಮಂಗೆ ಗೊತ್ತಾ ಇದು?”

“ಇಲ್ಲ. ಹೇಳ್ತೀನಿ. ಇವತ್ತೇ ಹೇಳ್ತೀನಿ.”

“ನೀವು ಹೇಳೋ ತನಕ ನನ್ನ ಬಾಯಿಂದ ಬರಲ್ಲ.”

ಗೇಟು ತೆರೆದರು. ಮಕ್ಕಳು ಒಬ್ಬರ ಹಿಂದೊಬ್ಬರು ಹೊರಬಂದರು. ಮಗಳು ನನ್ನ ಸೆರಗು ಹಿಡಿದು ಜಗ್ಗಿದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟು ಹಾಗೇ ನಿಂತೆ.

“ಇಟ್ಬಿಡ್ಬೇಡಿ ಫೋನು” ಎಂದರು ಗಂಟಣ್ಣ. “ಅವತ್ತು ಅವನು ಇನ್ನೇನೇನು ಹೇಳ್ದ? ಯಾವ ವಾರ ಅದು? ಎಷ್ಟು ಹೊತ್ತಲ್ಲಿ ಮಾಡಿದ್ದ? ನಾವು ಅವತ್ತು ಯಾವ ಬಿಲ್ಡಿಂಗಲ್ಲಿದ್ವಿ ನೋಡ್ತೀನಿ. ಮೊದಲಿಂದ ಹೇಳಿ. ಒಂದು ಮಾತೂ ಬಿಡ್ಬೇಡಿ.”

“ಮಂಗಳವಾರ” ಎಂದೆ. “ಸಂಜೆ. ಆರು ಗಂಟೆ ಆಗಿತ್ತು.”